ಕುಲುಮೆಯಲ್ಲಿ ಕಳೆದುಹೋದ ಟೂರ್: ಯುಜೆನ್ ಕ್ರಿಸ್ತೋಫ್‌ನ ಸೈಕಲ್ ಬದುಕು

(ಸೈಕಲ್ ಸವಾರರ ಬಳಗವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ಸಭೆಯಿಂದ ಬಂದ ಪ್ರಶ್ನೆಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಫ್ರಾನ್ಸ್ ದೇಶವನ್ನು ಸುತ್ತುವ ಸೈಕಲ್ ಪಂದ್ಯವಾದ ಟೂರ್ ದ ಫ್ರಾನ್ಸ್ ಇತಿಹಾಸ ಹೇಳುವವರು ಯುಜೆನ್ ಕ್ರಿಸ್ತೋಫ್ ಎಂಬ ಹೆಸರು ಬಂದ ಕೂಡಲೇ ಒಂದು ನಿಟ್ಟುಸಿರು ಬಿಡುತ್ತಾರೆ. ಪಾಪ, ಹಣೆಬರಹ ನೆಟ್ಟಗಿರಲಿಲ್ಲ ಎನ್ನುತ್ತಾರೆ. 1913, 1919, 1922, ಹೀಗೆ ಮೂರು ಟೂರ್‌ಗಳಲ್ಲಿ ಆತನ ಸೈಕಲ್ಲಿನ ಫೋರ್ಕ್, ಅಂದರೆ ಮುಂದಿನ ಚಕ್ರವನ್ನು ಹಿಡಿದಿಡುವ ಕವಲು, ಮುರಿಯಿತು. ಹನ್ನೊಂದು ಟೂರ್‌ಗಳಿಗೆ ಇಳಿದರೂ ಒಂದನ್ನೂ ಗೆಲ್ಲಲಿಲ್ಲ. ಇಷ್ಟು ಹೇಳಿದರೆ ಕಥೆ ಮುಗಿಯಿತು, ಕೇಳಿದವರ ಕಣ್ಣೂ ಒದ್ದೆಯಾಯಿತು.

ನನಗೆ ಈ ಹಣೆಬರಹದ ಮಾತು ಹಿಡಿಸುವುದಿಲ್ಲ. ಉಕ್ಕು ಯಾರ ಜಾತಕ ನೋಡಿಕೊಂಡೂ ಮುರಿಯುವುದಿಲ್ಲ. ಅದು ಮುರಿಯುವುದಕ್ಕೆ ರಸ್ತೆ ಕಾರಣ, ತಯಾರಿಕೆ ಕಾರಣ. ಮುರಿದ ಮೇಲೆ ಆಗುವ ನಷ್ಟಕ್ಕೆ ಕಾರಣ ಬೇರೆಯೇ ಇರುತ್ತದೆ. ಇಲ್ಲಿ ಅದು ಪಂದ್ಯದ ನಿಯಮ. ಆ ನಿಯಮವನ್ನು ಮನುಷ್ಯರೇ ಬರೆದಿದ್ದರು. ಇವತ್ತಿನ ನನ್ನ ಮಾತು ಹೆಚ್ಚಾಗಿ ಅದರ ಸುತ್ತಲೇ ಇರುತ್ತದೆ. ಇಲ್ಲಿ ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದವರೂ ಇದ್ದೀರಿ. ಸೈಕಲ್ ಪಂದ್ಯ ಎಂದರೇನು ಎಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೆ ನೂರು ವರ್ಷದ ಹಿಂದಿನ ಪಂದ್ಯ ಎಂಥದಾಗಿತ್ತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ.

ಕ್ರಿಸ್ತೋಫ್ ಹುಟ್ಟಿದ್ದು 1885ರ ಜನವರಿ 22ರಂದು, ಪ್ಯಾರಿಸ್ಸಿನ ದಕ್ಷಿಣ ಅಂಚಿಗೆ ಹೊಂದಿಕೊಂಡ ಮಲಕೋಫ್‌ನಲ್ಲಿ. ಕಲಿತ ಕಸುಬು ಬೀಗ ಮಾಡುವುದು, ರಿಪೇರಿ ಮಾಡುವುದು. ಅರ, ಸುತ್ತಿಗೆ, ಇಕ್ಕಳ ಹಿಡಿದು ಪಳಗಿದ ಕೈ. ಈ ವಿಷಯವನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ. 1904ರಲ್ಲಿ ಸೈಕಲ್ಲನ್ನೇ ಹೊಟ್ಟೆಪಾಡು ಮಾಡಿಕೊಂಡ, 1926ರವರೆಗೂ ಬಿಡಲಿಲ್ಲ. ನಡುವೆ ಒಂದು ಮಹಾಯುದ್ಧವೇ ಬಂದು ಹೋಯಿತು. ಶುರುವಿನಲ್ಲಿ ಜನ ಮುದ್ದಿನಿಂದ ‘ಕ್ರಿ-ಕ್ರಿ’ ಎಂದು ಕರೆಯುತ್ತಿದ್ದರು. ಜೋಲು ಮೀಸೆ ಬೆಳೆದು ವಯಸ್ಸೂ ಏರಿದ ಮೇಲೆ ‘ಮುದಿ ಗಾಲ್’ ಎಂಬ ಹೆಸರು ಬಂತು. ಗಾಲ್ ಎಂದರೆ ರೋಮನ್ನರ ಕಾಲದಲ್ಲಿ ಫ್ರಾನ್ಸಿನ ನೆಲದಲ್ಲಿದ್ದ ಜನ.

ಚಳಿಗಾಲದಲ್ಲಿ ಆತ ಸೈಕ್ಲೋ-ಕ್ರಾಸ್ ಓಡುತ್ತಿದ್ದ. ಕೆಸರು, ಹಳ್ಳ, ದಿಬ್ಬ. ತುಳಿಯಲಾಗದ ಕಡೆ ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಓಡಬೇಕು. ಅದರಲ್ಲಿ ಏಳು ಸಲ ಫ್ರಾನ್ಸಿನ ಚಾಂಪಿಯನ್ ಆದ: 1909ರಿಂದ 1914ರವರೆಗೆ ಸತತವಾಗಿ, ಮತ್ತೆ ಯುದ್ಧ ಮುಗಿದ ಮೇಲೆ 1921ರಲ್ಲಿ. ಸೋತವನೆಂದು ಹೆಸರಾದ ಮನುಷ್ಯನ ಖಾತೆಯಲ್ಲಿ ಇಷ್ಟೊಂದು ಗೆಲುವುಗಳಿರುವುದನ್ನು ನಿಟ್ಟುಸಿರಿನವರು ಹೇಳುವುದೇ ಇಲ್ಲ.

ಇವಲ್ಲದೆ ರಸ್ತೆ ಪಂದ್ಯದ ಒಂದು ಗೆಲುವಿನ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ: 1910ರ ಏಪ್ರಿಲ್ 3ರ ಮಿಲಾನ್–ಸಾನ್ ರೆಮೊ ಪಂದ್ಯ. ಇಟಲಿಯ ಬಯಲಿನಿಂದ ತುರ್ಕೀನೊ ಕಣಿವೆದಾರಿ ಹತ್ತಿ, ಸಮುದ್ರದಂಡೆಗೆ ಇಳಿದು, ದಂಡೆಗುಂಟ ಸಾಗುವ ಸುಮಾರು 290 ಕಿಲೋಮೀಟರ್ ಹಾದಿ. ತುರ್ಕೀನೊ ಎತ್ತರವೇನೂ ಹೆಚ್ಚಿಲ್ಲ, ಐನೂರು ಮೀಟರ್ ಚಿಲ್ಲರೆ. ಆದರೆ ಆ ದಿನ ಅಲ್ಲಿ ಹಿಮ ಸುರಿಯುತ್ತಿತ್ತು. ಅರವತ್ತಕ್ಕೂ ಹೆಚ್ಚು ಮಂದಿ ಹೊರಟಿದ್ದರು. ಮೇಲೇರುತ್ತಿದ್ದಂತೆ ಒಬ್ಬೊಬ್ಬರೇ ಕೈಬಿಟ್ಟರು. ಕ್ರಿಸ್ತೋಫ್‌ನ ಬೆರಳು ಮರಗಟ್ಟಿದವು, ಹೊಟ್ಟೆಯಲ್ಲಿ ಸೆಳೆತ ಶುರುವಾಯಿತು, ರಸ್ತೆ ಬದಿಯಲ್ಲೇ ಕುಸಿದ. ದಾರಿಹೋಕನೊಬ್ಬ ಹತ್ತಿರದ ವಸತಿಗೃಹಕ್ಕೆ ಕರೆದೊಯ್ದ. ಅಲ್ಲಿಯವನು ಒದ್ದೆ ಬಟ್ಟೆ ಬಿಚ್ಚಿಸಿ ಕಂಬಳಿ ಹೊದಿಸಿದ. ಮೈಗೆ ಕಾವು ಬರುವವರೆಗೆ ಕ್ರಿಸ್ತೋಫ್ ಕೈಕಾಲು ಆಡಿಸುತ್ತ, ಕಿಟಕಿಯಾಚೆ ನೋಡುತ್ತ ಇದ್ದ. ಕೆಸರಿನ ಮುದ್ದೆಯಂತಾಗಿದ್ದ ಸವಾರರು ಹಾದುಹೋಗುವುದು ಕಂಡಿತು. ಮತ್ತೆ ಹೊರಡುತ್ತೇನೆ ಎಂದರೆ ವಸತಿಗೃಹದವನು ಬಿಡಲೊಲ್ಲ. ಮುಂದೆ ರೈಲು ಹಿಡಿಯುತ್ತೇನೆ ಎಂದು ಏನೋ ಸುಳ್ಳು ಹೇಳಿ, ಉದ್ದನೆಯ ಪ್ಯಾಂಟೊಂದನ್ನು ಪಡೆದು ತೊಟ್ಟುಕೊಂಡು, ಸೈಕಲ್ ಏರಿಯೇಬಿಟ್ಟ.

ಮುಂದೆ ಹೋದವರನ್ನೆಲ್ಲ ಹಿಂದಿಕ್ಕಿ ಸಾನ್ ರೆಮೊ ತಲುಪಿದಾಗ ಮಿಲಾನ್ ಬಿಟ್ಟು 12 ಗಂಟೆ 24 ನಿಮಿಷ ಆಗಿತ್ತು. ಎರಡನೆಯವನು ಬಂದದ್ದು ಒಂದು ಗಂಟೆಯ ಮೇಲೆ. ಫಲಿತಾಂಶದ ಪಟ್ಟಿಯಲ್ಲಿ ಉಳಿದವರು ಒಟ್ಟು ನಾಲ್ಕೇ ಮಂದಿ. ಗೆದ್ದವನು ಆಸ್ಪತ್ರೆಯಲ್ಲಿ ಒಂದು ತಿಂಗಳು ಕಳೆದ. ಹಳೆಯ ಕಸುವು ಮರಳಲು ಎರಡು ವರ್ಷ ಹಿಡಿಯಿತು. ಆ ಕಾಲದ ಗೆಲುವುಗಳ ಬೆಲೆ ಹೀಗಿರುತ್ತಿತ್ತು.

ಈಗ ಟೂರ್‌ಗೆ ಬರೋಣ. ಟೂರ್ ದ ಫ್ರಾನ್ಸ್ ಶುರುವಾದದ್ದು 1903ರಲ್ಲಿ, ‘ಲೋತೊ’ ಎಂಬ ಕ್ರೀಡಾ ಪತ್ರಿಕೆಯ ಪ್ರಸಾರ ಹೆಚ್ಚಿಸುವುದಕ್ಕೆಂದು. ಸಂಪಾದಕ ಆಂರಿ ದೆಗ್ರಾಂಜ್‌ನೇ ಪಂದ್ಯದ ಸರ್ವಾಧಿಕಾರಿ. ಆತನಿಗೊಂದು ಆದರ್ಶವಿತ್ತು. ಸವಾರ ಒಬ್ಬಂಟಿಯಾಗಿ ತನ್ನ ತೋಳು, ತೊಡೆ, ತಲೆಗಳನ್ನು ಮಾತ್ರ ನಂಬಿ ಫ್ರಾನ್ಸ್ ಸುತ್ತಬೇಕು. ಪಂಕ್ಚರ್ ಆದರೆ ತಾನೇ ಹಾಕಿಕೊಳ್ಳಬೇಕು, ಏನು ಮುರಿದರೂ ತಾನೇ ಜೋಡಿಸಿಕೊಳ್ಳಬೇಕು. ಹೊರಗಿನವರ ಕೈ ತಾಗಿದರೆ ದಂಡ. ಸೈಕಲ್ ಬದಲಾಯಿಸಬಾರದೆಂದು ಬಿಡಿಭಾಗಗಳಿಗೆ ಮುದ್ರೆ ಒತ್ತಿಡುವ ಪದ್ಧತಿಯೂ ಇತ್ತು. ಗೇರ್ ಬದಲಿಸುವ ಸಾಧನ ಟೂರ್‌ನಲ್ಲಿ ಬಂದದ್ದೇ 1937ರಲ್ಲಿ. ಅಲ್ಲಿಯವರೆಗೆ ಏರು ಸಿಕ್ಕಿದಾಗ ಇಳಿದು, ಹಿಂದಿನ ಚಕ್ರ ಬಿಚ್ಚಿ, ತಿರುಗಿಸಿ ಹಾಕಿಕೊಳ್ಳಬೇಕಿತ್ತು. ಅದರ ಎರಡೂ ಬದಿಗೆ ಬೇರೆ ಬೇರೆ ಅಳತೆಯ ಹಲ್ಲಿನ ಗಾಲಿ ಇರುತ್ತಿತ್ತು. ಒಬ್ಬಂಟಿ ವೀರನ ಕಲ್ಪನೆ ಕೇಳಲು ಚೆಂದ. ಆದರೆ ಅದೇ ಸವಾರನಿಗೆ ಸಂಬಳ ಕೊಡುತ್ತಿದ್ದದ್ದು ಸೈಕಲ್ ಕಂಪನಿ. ಆತ ತುಳಿಯುತ್ತಿದ್ದದ್ದು ಕಂಪನಿ ಕೊಟ್ಟ ಸೈಕಲ್ಲನ್ನು. ಸೈಕಲ್ ಕೆಟ್ಟರೆ ನಷ್ಟ ಮಾತ್ರ ಸವಾರನ ತಲೆಗೆ.

ಕ್ರಿಸ್ತೋಫ್‌ನ ಮೊದಲ ಟೂರ್ 1906ರದ್ದು, ಒಂಬತ್ತನೆಯವನಾಗಿ ಮುಗಿಸಿದ. ನಿಜವಾಗಿ ಗೆಲ್ಲುವ ಅಂಚಿಗೆ ಬಂದದ್ದು 1912ರಲ್ಲಿ. ಆಗ ವಿಜಯಿಯನ್ನು ನಿರ್ಧರಿಸುತ್ತಿದ್ದದ್ದು ಅಂಕಗಳ ಮೇಲೆ. ಒಂದು ಹಂತವನ್ನು, ಅಂದರೆ ಒಂದು ದಿನದ ಓಟವನ್ನು, ಒಂದು ಸೆಕೆಂಡಿನಿಂದ ಗೆದ್ದರೂ ಒಂದು ಗಂಟೆಯಿಂದ ಗೆದ್ದರೂ ಸಿಗುವುದು ಅಷ್ಟೇ. ಕ್ರಿಸ್ತೋಫ್ ಸತತ ಮೂರು ಹಂತ ಗೆದ್ದ. ಅವುಗಳಲ್ಲಿ ಗ್ರೆನೋಬ್ಲ್‌ಗೆ ಹೋಗುವ ಆಲ್ಪ್ಸ್ ಹಾದಿಯಲ್ಲಿ 315 ಕಿಲೋಮೀಟರ್ ಒಬ್ಬನೇ ಮುಂದೆ ಹೋದ. ಟೂರ್‌ನ ಅತಿ ದೀರ್ಘ ಒಂಟಿ ಓಟ ಎಂದು ಇವತ್ತಿಗೂ ಅದನ್ನೇ ಹೆಸರಿಸುತ್ತಾರೆ. ಸಮಯದ ಲೆಕ್ಕವಿದ್ದಿದ್ದರೆ ಕೊನೆಯ ಹಂತದವರೆಗೂ ಆತನೇ ಮುಂದಿರುತ್ತಿದ್ದ. ಅಂಕದ ಲೆಕ್ಕದಲ್ಲಿ ಬೆಲ್ಜಿಯಂನ ಓದಿಲ್ ದಫ್ರೇ ಗೆದ್ದ. ಬೇರೆ ತಂಡಗಳ ಬೆಲ್ಜಿಯನ್ನರೂ ದಫ್ರೇಗೆ ಒತ್ತಾಸೆಯಾಗಿ ನಿಂತರೆಂದು ಸಿಟ್ಟಾದ ಫ್ರೆಂಚ್ ಸವಾರ ಒಕ್ತಾವ್ ಲಾಪೀಜ್ ಪಂದ್ಯವನ್ನೇ ಬಿಟ್ಟು ಹೋದ. ಕ್ರಿಸ್ತೋಫ್‌ಗೆ ಎರಡನೆಯ ಸ್ಥಾನ. ಮರುವರ್ಷ ದೆಗ್ರಾಂಜ್ ಅಂಕ ಬಿಟ್ಟು ಸಮಯದ ಲೆಕ್ಕಕ್ಕೆ ಮರಳಿದ. ತಮಾಷೆ ನೋಡಿ, 1912ರಲ್ಲಿ ಕ್ರಿಸ್ತೋಫ್‌ನನ್ನು ಗೆಲ್ಲಿಸಬಹುದಾಗಿದ್ದ ಈ ಲೆಕ್ಕವೇ 1913ರಲ್ಲಿ ಆತನನ್ನು ಮುಳುಗಿಸಿತು. ಅಂಕದ ಪದ್ಧತಿಯಲ್ಲಿ ಒಂದು ಕೆಟ್ಟ ದಿನವನ್ನು ಹೇಗೋ ದಾಟಿಕೊಳ್ಳಬಹುದು. ಸಮಯದ ಪದ್ಧತಿಯಲ್ಲಿ ಕಳೆದುಕೊಂಡ ಒಂದೊಂದು ನಿಮಿಷವೂ ಪ್ಯಾರಿಸ್‌ವರೆಗೆ ಬೆನ್ನಿಗಿರುತ್ತದೆ.

1913ರ ಆರನೆಯ ಹಂತ ಬಯೊನ್‌ನಿಂದ ಲುಶೋಂವರೆಗೆ, 326 ಕಿಲೋಮೀಟರ್. ಪಿರೆನೀಸ್ ಬೆಟ್ಟಗಳ ದೊಡ್ಡ ಕಣಿವೆದಾರಿಗಳೆಲ್ಲ ಆ ಒಂದೇ ದಿನಕ್ಕೆ. ಹೊರಡುವುದು ನಸುಕಿಗೂ ಮುಂಚೆ, ಮೂರು ಗಂಟೆಗೆ. ಹಿಂದಿನ ಸಂಜೆಗೆ ದಫ್ರೇ ಮುಂದಿದ್ದ. ಐದು ನಿಮಿಷಕ್ಕೂ ಕಡಿಮೆ ಅಂತರದಲ್ಲಿ ಕ್ರಿಸ್ತೋಫ್ ಎರಡನೆಯವನು. ದಫ್ರೇ ಆ ದಿನ ಬೆಟ್ಟದಲ್ಲಿ ಸೊರಗಿ ಪಂದ್ಯವನ್ನೇ ಬಿಟ್ಟ. 2,115 ಮೀಟರ್ ಎತ್ತರದ ತೂರ್ಮಲೆ ಏರುವಾಗ ಮುಂದಿದ್ದವರು ಬೆಲ್ಜಿಯಂನ ಫಿಲಿಪ್ ಥೈಸ್ ಮತ್ತು ಕ್ರಿಸ್ತೋಫ್. ಇಬ್ಬರೂ ಪ್ಯೂಜೊ ತಂಡದವರು. ಒಟ್ಟು ಲೆಕ್ಕದಲ್ಲಿ ಟೂರ್ ಕ್ರಿಸ್ತೋಫ್‌ನ ಕೈಗೆ ಬಂದಿತ್ತು.

ಇಳಿಜಾರಿನಲ್ಲಿ ಹ್ಯಾಂಡಲ್ ಹತೋಟಿ ತಪ್ಪಿತು. ಬ್ರೇಕ್ ಹಿಡಿದು ನಿಂತು ನೋಡಿದರೆ ಫೋರ್ಕ್ ಮುರಿದಿದೆ. ಫೋರ್ಕ್ ಮುರಿಯಿತೆಂದು ಅಂದು ತಾನು ಬಾಯಿ ಬಿಡಲಿಲ್ಲ, ಹೇಳಿದರೆ ಕಂಪನಿಗೆ ಕೆಟ್ಟ ಹೆಸರು ಬರುತ್ತಿತ್ತು ಎಂದು ಆತ ಎಷ್ಟೋ ವರ್ಷಗಳ ಮೇಲೆ ನೆನಪಿಸಿಕೊಂಡ. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಅತಿ ಕಹಿಯಾದ ವಿಷಯ ಇದು. ಟೂರ್ ಕೈತಪ್ಪಿ ಹೋಗುತ್ತಿರುವಾಗಲೂ ಸಂಬಳದಾಳು ಧಣಿಯ ಮಾನ ಕಾಯಬೇಕು.

ಅಲ್ಲಿಂದ ಕೆಳಗಿನ ಊರು ಸೇಂತ್-ಮರಿ-ದ-ಕಂಪಾಂ ಹತ್ತು ಕಿಲೋಮೀಟರ್ ಚಿಲ್ಲರೆ. ಸೈಕಲ್ಲನ್ನು ಹೆಗಲಿಗೇರಿಸಿದ, ಚಕ್ರವನ್ನು ಕೈಯಲ್ಲಿ ಹಿಡಿದ, ನಡೆದ. ಹಿಂದೆ ಬಿದ್ದಿದ್ದವರೆಲ್ಲ ಒಬ್ಬೊಬ್ಬರಾಗಿ ದಾಟಿ ಹೋದರು. ದಾರಿಯುದ್ದಕ್ಕೂ ಅತ್ತೆ ಎಂದು ಆತನೇ ಹೇಳಿಕೊಂಡಿದ್ದಾನೆ. ಊರಿನಲ್ಲಿ ಹುಡುಗಿಯೊಬ್ಬಳು ಕಮ್ಮಾರ ಎಲ್ಲಿದ್ದಾನೆಂದು ತೋರಿಸಿದಳು. ಲಕೋಂತ್ ಎಂಬಾತನ ಕುಲುಮೆ, ಊರಿನ ಆ ತುದಿಗೆ.

ಕಮ್ಮಾರ ಒಳ್ಳೆಯವನು, ತಾನೇ ಮಾಡಿಕೊಡುತ್ತೇನೆ ಎಂದು ಮುಂದೆ ಬಂದ. ಅಷ್ಟರಲ್ಲಿ ಪಂದ್ಯದ ಅಧಿಕಾರಿಗಳೂ ಬಂದು ಬಾಗಿಲಲ್ಲಿ ನಿಂತಿದ್ದರು. ಎದುರಾಳಿ ಕಂಪನಿಗಳವರೂ ಕಣ್ಣಿಟ್ಟಿದ್ದರು. ಕಮ್ಮಾರ ಬಾಯಲ್ಲಿ ಹೇಳಬಹುದು, ಕೈ ಹಾಕುವಂತಿಲ್ಲ. ಬೀಗದ ಕಸುಬಿನವನ ಕೈ ಕೆಲಸಕ್ಕೆ ಬಂದದ್ದು ಇಲ್ಲಿ. ಉಕ್ಕನ್ನು ಅಳತೆಗೆ ಕತ್ತರಿಸಿ, ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಅಡೆಗಲ್ಲಿನ ಮೇಲೆ ಬಡಿದು, ಬೆಸೆದು, ಅರದಿಂದ ಉಜ್ಜಿ, ಚಕ್ರ ಕೂರುವಂತೆ ಮಾಡಬೇಕು. ಆಗಲೇ ಬೆಟ್ಟಗಳನ್ನು ಹತ್ತಿಳಿದು ಬಂದ ಮೈ, ಹೊಟ್ಟೆಗಿಲ್ಲ. ಊಟ ಮಾಡಿ ಬರುತ್ತೇನೆಂದು ಹೊರಟ ಒಬ್ಬ ಅಧಿಕಾರಿಗೆ ಕ್ರಿಸ್ತೋಫ್, ಹಸಿವಾದರೆ ಇದ್ದಿಲು ತಿನ್ನಿ, ನಾನು ನಿಮ್ಮ ಕೈದಿ, ನೀವು ನನ್ನ ಕಾವಲುಗಾರರು, ಕದಲಬೇಡಿ ಎಂದನಂತೆ. ಇದನ್ನು ಪೂರ್ತಿ ನಂಬಬೇಕೋ ಬೇಡವೋ, ನಿಮಗೆ ಬಿಟ್ಟದ್ದು. ಸಿಟ್ಟಂತೂ ಸುಳ್ಳಿರಲಾರದು.

ಕುಲುಮೆಯ ಕೆಲಸ ನೋಡಿದವರಿಗೆ ಗೊತ್ತು, ಅದು ಒಬ್ಬನಿಂದ ಆಗುವುದಲ್ಲ. ಒಂದು ಕೈಯಲ್ಲಿ ಇಕ್ಕಳ, ಇನ್ನೊಂದರಲ್ಲಿ ಸುತ್ತಿಗೆ ಇದ್ದರೆ ತಿದಿ ಒತ್ತುವವರು ಯಾರು? ಅಲ್ಲಿದ್ದ ಚಿಕ್ಕ ಹುಡುಗನೊಬ್ಬ ತಿದಿ ಒತ್ತಿದ. ಹೊರಗಿನವರ ನೆರವು! ಅಧಿಕಾರಿಗಳು ಹತ್ತು ನಿಮಿಷ ದಂಡ ಬರೆದರು. ಆಮೇಲೆ ಅದನ್ನು ಮೂರಕ್ಕೆ ಇಳಿಸಿದರಂತೆ. ಇಳಿಸಿದರೆ ಆಗುವುದೇನು? ಕ್ರಿಸ್ತೋಫ್ ಇನ್ನೂ ಎರಡು ಬೆಟ್ಟ ದಾಟಿ ಲುಶೋಂ ಸೇರಿದ್ದು ಥೈಸ್ ಬಂದು 3 ಗಂಟೆ 50 ನಿಮಿಷ ಕಳೆದ ಮೇಲೆ. ಹೀಗಿದ್ದೂ ಪಂದ್ಯ ಬಿಡಲಿಲ್ಲ. 140 ಮಂದಿ ಹೊರಟು 25 ಮಂದಿ ಮುಗಿಸಿದ ಆ ಟೂರ್‌ನಲ್ಲಿ ಆತನಿಗೆ ಏಳನೆಯ ಸ್ಥಾನ.

ಇಲ್ಲಿಗೆ ನಿಲ್ಲಿಸಿದರೆ ಮತ್ತೆ ಹಣೆಬರಹದ ಕಥೆಯೇ ಆಗುತ್ತದೆ. ಆ ವರ್ಷ ಟೂರ್ ಗೆದ್ದ ಥೈಸ್‌ನಿಗೂ ಕೊನೆಯ ದಿನಗಳಲ್ಲಿ ಫೋರ್ಕ್ ಮುರಿಯಿತು! ಅದೇ ಟೂರ್, ಅದೇ ಕಂಪನಿ. ಥೈಸ್ ಮಾಡಿದ್ದೇನು? ಸೈಕಲ್ ಅಂಗಡಿಯೊಂದನ್ನು ಹುಡುಕಿ ರಿಪೇರಿ ಮಾಡಿಸಿಕೊಂಡ, ಹತ್ತು ನಿಮಿಷದ ದಂಡವನ್ನು ಮೈಮೇಲೆ ಹಾಕಿಕೊಂಡ, ಮುಂದೆ ಹೋದ. ಎರಡನೆಯವನಾದ ಗುಸ್ತಾವ್ ಗಾರಿಗೂಗಿಂತ ಒಂಬತ್ತು ನಿಮಿಷಕ್ಕೂ ಕಡಿಮೆ ಅಂತರದಲ್ಲಿ ಟೂರ್ ಗೆದ್ದ. ನಿಯಮವನ್ನು ಅಕ್ಷರಶಃ ಪಾಲಿಸಿದವನು ಹೆಚ್ಚುಕಡಿಮೆ ನಾಲ್ಕು ಗಂಟೆ ಕಳೆದುಕೊಂಡ, ಮುರಿದವನು ಹತ್ತು ನಿಮಿಷ. ಥೈಸ್‌ನನ್ನು ನಾನು ದೂರುವುದಿಲ್ಲ. ಬೆಟ್ಟದ ಹಳ್ಳಿಯಲ್ಲಿ ಕ್ರಿಸ್ತೋಫ್‌ಗೆ ಸೈಕಲ್ ಅಂಗಡಿ ಎಲ್ಲಿ ಸಿಗಬೇಕಿತ್ತು ಎಂಬ ಪ್ರಶ್ನೆಯೂ ಇದೆ. ಆದರೂ ಲಕೋಂತ್‌ನ ಕೈಯಲ್ಲೇ ಮಾಡಿಸಿ ದಂಡ ಕಟ್ಟಿದ್ದರೆ ಎಷ್ಟೋ ಬೇಗ ಮುಗಿಯುತ್ತಿತ್ತಲ್ಲ ಎಂಬ ಲೆಕ್ಕವನ್ನು ನಾನು ಮನಸ್ಸಿನಲ್ಲಿ ಹಾಕದೆ ಇರಲಾರೆ.

1914ರ ಟೂರ್ ಹೊರಟದ್ದು ಜೂನ್ 28ರಂದು. ಮೊದಲ ಮಹಾಯುದ್ಧಕ್ಕೆ ಕಿಡಿಯಾದ ಗುಂಡು ಸರಾಯೆವೊದಲ್ಲಿ ಹಾರಿದ್ದೂ ಅದೇ ದಿನ. ಮುಂದಿನ ನಾಲ್ಕು ವರ್ಷಗಳಲ್ಲಿ ಫ್ರಾಂಸ್ವಾ ಫಾಬೆರ್, ಲಾಪೀಜ್, ಪೆತಿ-ಬ್ರೆತೋಂ ಎಂಬ ಮೂವರು ಟೂರ್ ವಿಜೇತರು ಯುದ್ಧಕಾಲದಲ್ಲಿ ತೀರಿಕೊಂಡರು. ಕ್ರಿಸ್ತೋಫ್ ಉಳಿದ. 1919ರಲ್ಲಿ ಟೂರ್ ಮತ್ತೆ ಶುರುವಾದಾಗ ಆತನಿಗೆ 34.

ಆ ಟೂರ್ ಒಂದು ಬಡ ಟೂರ್. ಟೈರ್ ಇಲ್ಲ, ಉಕ್ಕು ಇಲ್ಲ, ಸವಾರರಿಗೆ ಅಭ್ಯಾಸವೂ ಇಲ್ಲ. ಕಂಪನಿಗಳು ಬೇರೆ ಬೇರೆ ತಂಡ ಕಟ್ಟಲಾಗದೆ ‘ಲಾ ಸ್ಪೋರ್ತಿವ್’ ಎಂಬ ಒಂದೇ ಒಕ್ಕೂಟ ಮಾಡಿಕೊಂಡು ಸವಾರರಿಗೆಲ್ಲ ಬೂದು ಅಂಗಿ ತೊಡಿಸಿದ್ದವು. ಎಲ್ಲರೂ ಒಂದೇ ಬಣ್ಣ. ದಾರಿ ಬದಿಯ ಜನಕ್ಕೆ ಮುಂದಿರುವವನು ಯಾರೆಂದು ತಿಳಿಯುತ್ತಿರಲಿಲ್ಲ. ಹಾಗಾಗಿ ಒಟ್ಟು ಲೆಕ್ಕದಲ್ಲಿ ಮುಂದಿರುವವನಿಗೆಂದು ದೆಗ್ರಾಂಜ್ ಹಳದಿ ಅಂಗಿ ಹೊಲಿಸಿದ. ‘ಲೋತೊ’ ಅಚ್ಚಾಗುತ್ತಿದ್ದದ್ದೂ ಹಳದಿ ಕಾಗದದ ಮೇಲೆ. ಜುಲೈ 19ರಂದು ಗ್ರೆನೋಬ್ಲ್‌ನಿಂದ ಜಿನೀವಾಕ್ಕೆ ಹೊರಡುವಾಗ ಆ ಅಂಗಿ ತೊಟ್ಟವನು ಕ್ರಿಸ್ತೋಫ್. ಟೂರ್‌ನ ಹಳದಿ ಅಂಗಿಯ ಚರಿತ್ರೆ ಸಾಮಾನ್ಯವಾಗಿ ಇಲ್ಲಿಂದಲೇ ಶುರುವಾಗುತ್ತದೆ. ಆತನಿಗೇನೂ ಹೆಮ್ಮೆ ಎನಿಸಲಿಲ್ಲ. ಜನ ಕನೇರಿ ಹಕ್ಕಿ ಎಂದು ರೇಗಿಸಿ ನಗುತ್ತಿದ್ದರು.

ಕೊನೆಗೆ ಎರಡು ಹಂತ ಉಳಿದಿದ್ದವು. ಎರಡನೆಯ ಸ್ಥಾನದಲ್ಲಿದ್ದ ಫಿರ್ಮಾಂ ಲಾಂಬೊಗಿಂತ 28 ನಿಮಿಷ ಮುಂದಿದ್ದ. ಮೆಟ್ಜ್‌ನಿಂದ ಡಂಕರ್ಕ್‌ಗೆ 468 ಕಿಲೋಮೀಟರ್. ಯುದ್ಧ ಉತ್ತು ಹಾಕಿದ ನೆಲ, ಕಲ್ಲು ಹಾಸಿದ ರಸ್ತೆಗಳು. ವಲಾಂಸಿಯೆನ್ ಹತ್ತಿರ ಫೋರ್ಕ್ ಮುರಿಯಿತು. ಈ ಸಲ ಹತ್ತಿರದಲ್ಲೇ ಸೈಕಲ್ ಕಾರ್ಖಾನೆ ಇತ್ತು. ನಿಯಮ ಮಾತ್ರ ಹಳೆಯದೇ. ತಾನೇ ಮಾಡಿಕೊಳ್ಳಬೇಕು, ಮಾಡಿಕೊಂಡ. ಒಂದು ಗಂಟೆಗೂ ಹೆಚ್ಚು ಹೊತ್ತು ರಿಪೇರಿಗೇ ಹೋಯಿತು. ಹಳದಿ ಅಂಗಿ ಲಾಂಬೊಗೆ ಹೋಯಿತು. 67 ಮಂದಿ ಹೊರಟು ಕೊನೆಗೆ ಪಟ್ಟಿಯಲ್ಲಿ ಹತ್ತೇ ಮಂದಿ ಉಳಿದ ಆ ಟೂರ್‌ನಲ್ಲಿ ಕ್ರಿಸ್ತೋಫ್ ಮೂರನೆಯವನು.

ಜನ ಈ ಸಲ ಬರೀ ಮರುಗಿ ಸುಮ್ಮನಾಗಲಿಲ್ಲ. ಲಾಂಬೊಗೆ ಸಿಕ್ಕಿದ ಮೊದಲ ಬಹುಮಾನ 5,000 ಫ್ರಾಂಕ್. ಅಷ್ಟೇ ಹಣವನ್ನು ಕ್ರಿಸ್ತೋಫ್‌ಗೂ ಕೊಡಲು ದೆಗ್ರಾಂಜ್ ಒಪ್ಪಿದ. ‘ಲೋತೊ’ ಓದುಗರಿಂದ ಚಂದಾ ಎತ್ತಿತು. ಮೂರು ಫ್ರಾಂಕ್ ಕಳಿಸಿದವರಿದ್ದರು, ಐನೂರು ಕೊಟ್ಟ ಬ್ಯಾರನ್ ಆಂರಿ ದ ರಾತ್‌ಶೀಲ್ಡ್ ಇದ್ದ. ಸೇರಿದ್ದು 13,310 ಫ್ರಾಂಕ್. ಗೆದ್ದವನ ಬಹುಮಾನದ ಎರಡೂವರೆ ಪಟ್ಟಿಗೂ ಹೆಚ್ಚು. ನಿಯಮ ಬರೆದವನೂ ಚಂದಾ ಎತ್ತಿದವನೂ ಒಬ್ಬನೇ ಎಂಬುದನ್ನು ಗಮನಿಸಿ. ದೆಗ್ರಾಂಜ್‌ಗೆ ಕ್ರಿಸ್ತೋಫ್‌ನ ಸೋಲಿನಿಂದ ಪತ್ರಿಕೆಯ ಮಟ್ಟಿಗೆ ನಷ್ಟವೇನೂ ಆಗಲಿಲ್ಲ.

ಆಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ. 1920ರಲ್ಲಿ ಪ್ಯಾರಿಸ್–ತೂರ್ ಗೆದ್ದ. ಸುಮಾರು 600 ಕಿಲೋಮೀಟರಿನ ಬೋರ್ದೊ–ಪ್ಯಾರಿಸ್ ಪಂದ್ಯವನ್ನು 1920ರಲ್ಲೂ 1921ರಲ್ಲೂ ಗೆದ್ದ. 1922ರ ಟೂರ್‌ನಲ್ಲಿ 37ನೆಯ ವಯಸ್ಸಿನಲ್ಲಿ ಮತ್ತೆ ಹಳದಿ ಅಂಗಿ ತೊಟ್ಟ; ಅಷ್ಟು ವಯಸ್ಸಾದ ಇನ್ನೊಬ್ಬ ಅದನ್ನು ತೊಟ್ಟಿಲ್ಲ. ಅದೇ ಟೂರ್‌ನಲ್ಲಿ ಆಲ್ಪ್ಸ್ ಬೆಟ್ಟಗಳ ಗಲಿಬಿಯೆ ಕಣಿವೆದಾರಿ ಇಳಿಯುವಾಗ ಮೂರನೆಯ ಸಲ ಫೋರ್ಕ್ ಮುರಿಯಿತು, ಎಂಟನೆಯವನಾಗಿ ಮುಗಿಸಿದ. ಕೊನೆಯ ಟೂರ್ 1925ರದ್ದು, ನಲವತ್ತರ ವಯಸ್ಸಿನಲ್ಲಿ. 1970ರ ಫೆಬ್ರುವರಿ 1ರಂದು ತೀರಿಕೊಂಡ. ಸೇಂತ್-ಮರಿ-ದ-ಕಂಪಾಂನ ಕುಲುಮೆಯ ಗೋಡೆಗೆ ಫಲಕ ಹಾಕಿದ್ದಾರೆ. ಪೆಡಲ್ ಮೇಲೆ ಪಾದ ಜಾರದಂತೆ ಹಿಡಿಯುವ ಕ್ಲಿಪ್ಪು, ಪಟ್ಟಿಗಳು ಆತನ ಹೆಸರಿನಲ್ಲೇ ದಶಕಗಳ ಕಾಲ ಮಾರಾಟವಾದವು. ಇಲ್ಲಿರುವ ಹಿರಿಯ ಸವಾರರಲ್ಲಿ ಕೆಲವರು ಯಾರ ಹೆಸರೆಂದು ತಿಳಿಯದೆಯೇ ಅದನ್ನು ಬಳಸಿರಬಹುದು.

ಸಭೆಯಲ್ಲಿ ಯುವಕನೊಬ್ಬ ಎದ್ದು ಕೇಳಿದ: ‘ಸರ್, ಫೋರ್ಕ್ ಮುರಿಯದಿದ್ದರೆ ಖಂಡಿತ ಗೆಲ್ಲುತ್ತಿದ್ದನೇ?’

1913ರ ಬಗ್ಗೆ ಖಂಡಿತ ಎನ್ನಲಾರೆ. ಅಂದು ಇನ್ನೂ ಒಂಬತ್ತು ಹಂತಗಳಿದ್ದವು, ಥೈಸ್ ಸಾಮಾನ್ಯ ಸವಾರನಲ್ಲ. ಒಟ್ಟು ಮೂರು ಟೂರ್ ಗೆದ್ದವನು. ಆಲ್ಪ್ಸ್ ಬೆಟ್ಟಗಳಲ್ಲಿ ಏನಾಗುತ್ತಿತ್ತೋ ಹೇಳುವಂತಿಲ್ಲ. 1919ರದ್ದು ಬೇರೆ. ಬೆಟ್ಟಗಳೆಲ್ಲ ಮುಗಿದು, ಎರಡೇ ಹಂತ ಬಾಕಿ ಇದ್ದು, 28 ನಿಮಿಷದ ಅಂತರ ಇಟ್ಟುಕೊಂಡವನು ಸೋಲಬೇಕಾದರೆ ಸೈಕಲ್ಲೇ ಮುರಿಯಬೇಕಿತ್ತು. ಕಾರ್ಖಾನೆಯ ಕೆಲಸಗಾರರು ಕೈ ಹಾಕಬಹುದಾಗಿದ್ದರೆ ಮುರಿದ ಮೇಲೂ ಗೆಲ್ಲುತ್ತಿದ್ದ ಎಂದೇ ನನ್ನ ಎಣಿಕೆ.